ಆಪ್ತಸಲಹೆ ಪ್ರಕರಣ: ಬಚ್ಚಲುಮನೆಯ ಕಥೆ ರಂಗಕ್ಕೆ ಹೋಗುವ ಮೊದಲು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯೊಂದರಿಂದ ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು, ಕೊನೆ ಕೊಯ್ಲು ಮುಗಿಯುವ ಹೊತ್ತಿಗೆ, ಶಿವಮೊಗ್ಗಕ್ಕೆ ನನ್ನಲ್ಲಿ ಸಲಹೆ ಕೇಳಲು ಬಂದರು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮರೆವಿನ ಕಾಯಿಲೆಯಿರುವ ಅತ್ತೆಯನ್ನು ಅವರು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಹೊತ್ತು ಇಳಿಯುತ್ತಿದ್ದಂತೆ ಅತ್ತೆ ಜಗಲಿಯಿಂದ ಎದ್ದು ‘ನಮ್ಮನೆಗೆ ಹೋಗ್ತೀನಿ’ ಎಂದು ಹೊರಡುತ್ತಾರೆ. ಅವರು ಹೇಳುವ ಮನೆ, ಮದುವೆಯಾದಾಗ ಬಿಟ್ಟುಬಂದ ತವರು. ರಾತ್ರಿ ತೋಟದ ಕಡೆ ಹೋಗಿಬಿಟ್ಟಾರೆಂದು ಸೊಸೆ ಹಿಂಬಾಗಿಲಿನ ಚಿಲಕಕ್ಕೆ ದನದ ಕೊರಳಿನ ಗಂಟೆಯೊಂದನ್ನು ಕಟ್ಟಿದ್ದಾರೆ. ಅದು ಅಲುಗಿದರೆ ಎಚ್ಚರ, ಅಲುಗದಿದ್ದರೂ ಎಚ್ಚರ.

ಆದರೆ ಅವರು ಬಂದದ್ದು ನಾಟಕವೊಂದರ ವಿಷಯಕ್ಕೆ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಅನುಭವಗಳಿಂದ ನಾಟಕ ಕಟ್ಟಲು ಹವ್ಯಾಸಿ ತಂಡವೊಂದು ಎರಡು ದಿನಗಳ ಶಿಬಿರ ನಡೆಸಿತ್ತು. ಅಲ್ಲಿ ಇವರು ಅದುವರೆಗೆ ಯಾರಿಗೂ ಹೇಳದಿದ್ದ ಮಾತೊಂದನ್ನು ಹೇಳಿದ್ದರು: ಬಚ್ಚಲುಮನೆಯಲ್ಲಿ ಅತ್ತೆ ಬಿಸಿನೀರಿನ ಚೊಂಬನ್ನು ಎಸೆದಾಗ ತಾಳ್ಮೆ ಕಳೆದುಕೊಂಡು ಅವರ ಭುಜಕ್ಕೆ ಹೊಡೆದದ್ದು. ಕಲಾವಿದರು ಅದನ್ನು ಅಲ್ಲೇ ಅಭಿನಯಿಸಿದರು. ಇವರು ಅತ್ತರು, ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು. ಆಮೇಲೆ ತಂಡ ಆ ಪ್ರಸಂಗವನ್ನೇ ನಾಟಕದ ನಡುವೆ ಇಟ್ಟು, ಇವರ ಊರಿನಲ್ಲೇ ಪ್ರದರ್ಶಿಸಲು ಹೊರಟಿತು. ಮನೆಯ ಮಾತು ಊರ ಮುಂದೆ ಬರಬಾರದೆಂದು ಗಂಡ ಹಟ ಹಿಡಿದರು, ನಾದಿನಿ ಫೋನು ಮಾಡಿ ಬೈದರು. ‘ನಾನು ಹೇಳಿದ್ದೇ ತಪ್ಪಾಯ್ತಾ?’ ಎಂಬುದು ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ತಪ್ಪಲ್ಲವೆಂದು ನಾನು ಸ್ಪಷ್ಟವಾಗಿಯೇ ಹೇಳಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ ಹುಟ್ಟಿದ, 1985ರಿಂದ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಊರೂರು ಸುತ್ತಿದ ಈ ಜಿಲ್ಲೆಯಲ್ಲಿ, ಬದುಕಿನ ಕಷ್ಟವನ್ನು ನಾಟಕವಾಗಿ ನೋಡುವುದು ಜನರಿಗೆ ಹೊಸದಲ್ಲ. ಹೇಳಿದವರ ಕಥೆಯನ್ನು ಅವರೆದುರೇ ಆಡಿ ತೋರಿಸುವ ಪದ್ಧತಿಗೆ ಪ್ಲೇಬ್ಯಾಕ್ ಥಿಯೇಟರ್ ಎಂಬ ಹೆಸರಿದೆ. 1975ರಲ್ಲಿ ಅಮೆರಿಕದಲ್ಲಿ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಅದನ್ನು ಆರಂಭಿಸಿದರು. ಈ ಪದ್ಧತಿಯಲ್ಲಿ ಆಡಿದ್ದು ಆ ಹೊತ್ತಿಗೆ, ಅಲ್ಲಿ ಕೂತವರ ನಡುವೆ ಮುಗಿಯುತ್ತದೆ. ಅದೇ ಕಥೆಯನ್ನು ಬರೆದು, ತಾಲೀಮು ಮಾಡಿ, ನೆಂಟರಿಷ್ಟರ ಮುಂದೆ ಮತ್ತೆ ಮತ್ತೆ ಆಡುವುದು ಬೇರೆಯೇ ಸಂಗತಿ, ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ತಂಡದವರು ಒಳ್ಳೆಯ ಮನಸ್ಸಿನವರಾದರೂ ಈ ವ್ಯತ್ಯಾಸವನ್ನು ಗಮನಿಸಿರಲಿಲ್ಲ.

ನಾಟಕದ ಮಾತಿಗೆ ಮೊದಲು ನಾನು ಆರೈಕೆಯ ಹೊರೆಯನ್ನು ಅಳೆಯುವ 22 ಪ್ರಶ್ನೆಗಳ ಜರಿತ್ ಪ್ರಶ್ನಾವಳಿಯನ್ನು ಬಳಸಿದೆ. ಅಂಕಗಳು ಆತಂಕಪಡುವಷ್ಟು ಹೆಚ್ಚಿದ್ದವು. ತಾಲೀಮಿಗೆ ಹೋದಾಗ ಅತ್ತೆಯ ಜೊತೆ ಯಾರಿರುತ್ತಾರೆಂದು ಕೇಳಿದರೆ, ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿ, ಅರ್ಧಕ್ಕೇ ಎದ್ದು ಓಡಿಬರುತ್ತಾರಂತೆ. ಆರೈಕೆ ಮಾಡುವವರ ದಣಿವಿನ ನಾಟಕಕ್ಕಾಗಿ ಅವರನ್ನೇ ಇನ್ನಷ್ಟು ದಣಿಸುವುದನ್ನು ನಾನು ಒಪ್ಪಲಾರೆ. ಹಾಗಾಗಿ ಮುಂದಿನ ಭೇಟಿಗೆ ಗಂಡನನ್ನೂ ಕರೆಸಿ, ನಾಟಕ ನಡೆಯಲಿ ಬಿಡಲಿ, ವಾರಕ್ಕೆ ಎರಡು ಸಂಜೆ ತಾಯಿಯ ಜೊತೆ ಅವರೇ ಇರಬೇಕೆಂದು ಹೇಳಿದೆ. ‘ಇದೇ ನಿನ್ನ ಮನೆ’ ಎಂದು ವಾದಿಸದೆ, ಕೈಹಿಡಿದು ಬೇಲಿಬಾಗಿಲ ಉಣುಗೋಲಿನವರೆಗೆ ನಡೆಸಿಕೊಂಡು ಹೋಗಿ, ತವರಿನ ಮಾತಾಡಿಸುತ್ತಾ, ಕಾಫಿ ಕುಡಿಯೋಣವೆಂದು ಹಿಂದಕ್ಕೆ ಕರೆತರುವ ಬಗೆಯನ್ನೂ ವಿವರಿಸಿದೆ.

ಹೊಡೆದ ವಿಷಯವನ್ನು ನಾನು ಹಗುರವಾಗಿ ಬಿಡಲಿಲ್ಲ. ಅದು ಮತ್ತೆ ನಡೆದಿಲ್ಲವೆಂದು ಖಚಿತಪಡಿಸಿಕೊಂಡು, ಸಿಟ್ಟು ಏರಿದ ದಿನ ಸ್ನಾನವನ್ನು ಬಿಟ್ಟು ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕೆಂದೂ, ಕೈ ಎತ್ತುವಂತಾದರೆ ಯಾರನ್ನಾದರೂ ಕೂಗಿ ಕರೆದು ತಾವು ಹೊರಗೆ ಬರಬೇಕೆಂದೂ ಹೇಳಿದೆ.

ಇನ್ನು ನಾಟಕ. ಆ ಕಥೆಯಲ್ಲಿ ನಿದ್ದೆಗೇಡು, ಸಿಟ್ಟು, ಆಮೇಲಿನ ನಾಚಿಕೆ ಸೊಸೆಯವು. ಅವನ್ನು ಹೇಳಲು ಅವರಿಗೆ ಯಾರ ಅಪ್ಪಣೆಯೂ ಬೇಡ. ಸ್ನಾನಕ್ಕೆ ಕೂತ ಮುದುಕಿಯ ಮೈ ಮತ್ತು ಗಾಬರಿ ಅತ್ತೆಯವು, ಆಗಲಿ ಎನ್ನುವ ಶಕ್ತಿ ಈಗ ಅತ್ತೆಗೆ ಇಲ್ಲ. ಆದ್ದರಿಂದ ಆ ದೃಶ್ಯದಲ್ಲಿ ಅತ್ತೆಯ ಪಾತ್ರವೇ ಬೇಡ, ಚೊಂಬು, ಗಂಟೆಯ ಸದ್ದು, ಸೊಸೆಯ ಕೈ ಇಷ್ಟೇ ಇರಲಿ ಎಂದು ಸೂಚಿಸಿದೆ. ಸೊಸೆಯ ಪಾತ್ರವನ್ನು ಬೇರೊಬ್ಬರು ಮಾಡಬೇಕು. ಕೊನೆಯ ತಾಲೀಮಿನವರೆಗೂ ಕಥೆಯನ್ನು ಹಿಂದಕ್ಕೆ ಪಡೆಯಬಹುದೆಂದು ತಂಡ ಬರೆದುಕೊಡಬೇಕು. ಮೊದಲ ಪ್ರದರ್ಶನ ಅವರನ್ನು ಯಾರೂ ಅರಿಯದ ಊರಿನಲ್ಲಾಗಬೇಕು. ನೋಡುವವರಲ್ಲೂ ಇಂಥದೇ ಹೊರೆ ಹೊತ್ತವರು ಇರುತ್ತಾರಾದ್ದರಿಂದ, ಕೊನೆಯಲ್ಲಿ ಮಾತುಕತೆಗೆ ಸಮಯವಿಟ್ಟು, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ರಂಗದ ಮೇಲಿಂದಲೇ ತಿಳಿಸಬೇಕು. ತಂಡ ಇಷ್ಟನ್ನೂ ಒಪ್ಪಿತು. ಸ್ವಂತ ಊರಿನ ಪ್ರದರ್ಶನಕ್ಕೆ ಮಾತ್ರ ಗಂಡ ಇನ್ನೂ ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ.

ಅತ್ತೆಗೆ ತಿಳಿಸಬೇಕೇ ಎಂದು ಸೊಸೆ ಕೇಳಿದಾಗ, ಅರ್ಥವಾದಷ್ಟು ಆಗಲಿ, ಅವರು ಗೆಲುವಾಗಿರುವ ಬೆಳಗಿನ ಹೊತ್ತಿನಲ್ಲಿ ಎರಡೇ ಮಾತಿನಲ್ಲಿ ತಿಳಿಸಿ ಎಂದೆ. ಮುಂದಿನ ಭೇಟಿಯಲ್ಲಿ ಅವರು ನಡೆದದ್ದನ್ನು ಹೇಳಿದರು. ನಮ್ಮ ಮನೆಯ ಮೇಲೆ ನಾಟಕ ಮಾಡುತ್ತಾರೆ ಎಂದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಡು ಉಂಟಾ ಅದ್ರಲ್ಲಿ?’ ಎಂದು ಕೇಳಿದರಂತೆ. ಅತ್ತೆ ಇಂದಿಗೂ ಮರೆಯದೆ ಹೇಳುವ ಹಸೆ ಹಾಡೊಂದನ್ನು ಸೊಸೆ ಈಗ ತಂಡದವರಿಗೆ ಕಲಿಸುತ್ತಿದ್ದಾರೆ.