ಪ್ರ: ಅಮೆರಿಕದ ಮೆಸಾ ವರ್ಡೆ ಜನ ಮಾಯ ಆಗಿಹೋದ್ರಂತೆ, ನಿಜಾನಾ?

ಇಲ್ಲ ಸರ್, ಕೊಲೊರಾಡೊ ರಾಜ್ಯದ ಮೆಸಾ ವರ್ಡೇಲಿ ಬಂಡೆ ಕೆಳಗೆ ಮನೆ ಕಟ್ಕೊಂಡಿದ್ದ ಆ ಮೂಲನಿವಾಸಿಗಳು ಯಾರೂ ಮಾಯ ಆಗಿಲ್ಲ, ಊರು ಬಿಟ್ಟು ದಕ್ಷಿಣದ ಕಡೆ ಗುಳೆ ಹೋದ್ರು. ಮರದ ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡೋ ಉಂಗುರಗಳನ್ನ ಎಣಿಸಿ, ಅವುಗಳ ಅಗಲ ನೋಡಿದಾಗ 1276ರಿಂದ 1299ರ ತನಕ ಭಾರಿ ಬರ ಇತ್ತು ಅಂತ ಗೊತ್ತಾಗಿದೆ, ಮಳೆ ನಂಬ್ಕೊಂಡು ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೀತಿದ್ದೋರು ಪಾಪ ಇನ್ನೇನ್ ಮಾಡ್ತಾರೆ, ಅದರ ಜೊತೆ ಆ ಸೀಮೇಲಿ ಹೊಡೆದಾಟಾನೂ ಜಾಸ್ತಿ ಆಗಿತ್ತು. ಬಂಡೆ ಕೆಳಗೆ ಕಟ್ಟಿರೋ ಕ್ಲಿಫ್ ಪ್ಯಾಲೇಸ್ ಒಂದರಲ್ಲೇ ಸುಮಾರು 150 ಕೋಣೆ ಇದಾವೆ. ಅಲ್ಲಿನ ಗೋಡೆಗಳಲ್ಲಿ ಕಲ್ಲು ಸಂದಿಗೆ ಮೆತ್ತಿದ ಮಣ್ಣಿನ ಮೇಲೆ ಕಟ್ಟಿದೋರ ಬೆರಳ ಗುರುತು ಇವತ್ತಿಗೂ ಕಾಣುತ್ತೆ, ನನಗಂತೂ ಅದನ್ನ ನೆನೆಸ್ಕೊಂಡ್ರೆ ಮೈ ಜುಮ್ಮನ್ನುತ್ತೆ. ಅವರ ವಂಶದೋರೇ ಈಗಿನ ಹೋಪಿ, ಝೂನಿ, ರಿಯೊ ಗ್ರಾಂಡೆ ನದಿ ದಂಡೆಯ ಪುಯೆಬ್ಲೊ ಊರಿನ ಜನ, ಇವರನ್ನೆಲ್ಲ ಸೇರಿಸಿ ಪುಯೆಬ್ಲೊ ಜನ ಅಂತಾರೆ. ಅಂದ್ಹಾಗೆ ಆ ಹಳೇ ಜನರನ್ನ ‘ಅನಸಾಜಿ’ ಅಂತಾನೂ ಕರೀತಾರೆ, ಅದು ನವಾಹೊ ಅನ್ನೋ ಬೇರೆ ಮೂಲನಿವಾಸಿ ಭಾಷೆಯೋರು ಇಟ್ಟ ಹೆಸರು, ಪುಯೆಬ್ಲೊ ಜನ ತುಂಬಾ ಮಂದಿ ಅದನ್ನ ಇಷ್ಟಪಡಲ್ಲ, ‘ಪುಯೆಬ್ಲೊ ಪೂರ್ವಜರು’ ಅನ್ನಿ.