ಕಡಲು ಕಾದಿದೆ, ಮಳೆ ಎಲ್ಲಿ?

ಪ್ರಶ್ನೆ: ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ನೀರು 30 ಡಿಗ್ರಿ ಮುಟ್ಟಿದರೂ ದಿನಗಟ್ಟಲೆ ಮಳೆಯಿಲ್ಲ. ಆಗಸ್ಟ್‌ನಲ್ಲಿ ನೀರು ತಣ್ಣಗಾಗಿರುತ್ತದೆ, ಮಳೆ ಮಾತ್ರ ಬಿಡದೆ ಸುರಿಯುತ್ತದೆ. ಇದು ಹೇಗೆ? (ಕುಮಟಾದ ಓದುಗರು)

ಉತ್ತರ: ಉಷ್ಣವಲಯದ ಕಡಲಿನ ಮೇಲೆ ದೊಡ್ಡ ಮಳೆಮೋಡ ಏಳಬೇಕಾದರೆ ಮೇಲ್ನೀರು ಸುಮಾರು 28 ಡಿಗ್ರಿಯಾದರೂ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲೇ ಇದನ್ನು ತೋರಿಸಿಕೊಟ್ಟರು. ಆದರೆ 28 ದಾಟಿದ ಮಾತ್ರಕ್ಕೆ ಮೋಡ ಎದ್ದೇ ಏಳುತ್ತದೆ ಎಂದಲ್ಲ. ಕೆಳಮಟ್ಟದ ಗಾಳಿ ನಾಲ್ಕೂ ಕಡೆಯಿಂದ ಬಂದು ಒಂದೆಡೆ ಕೂಡಬೇಕು, ಮೇಲಿನಿಂದ ಒಣಗಾಳಿ ಇಳಿಯುತ್ತಿರಬಾರದು. ಮೇ ತಿಂಗಳಲ್ಲಿ ಈ ಎರಡೂ ಒದಗುವ ದಿನಗಳು ಕಡಿಮೆ. ಒದಗಿದರೆ ಅದೇ ಬಿಸಿನೀರು ಚಂಡಮಾರುತವನ್ನೇ ಸಾಕುತ್ತದೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು.

ಆಗಸ್ಟ್‌ನ ಕಥೆಯಲ್ಲಿ ಗಾಳಿಯೇ ಮುಂದಾಳು. ಬೀಸುವ ಮುಂಗಾರು ಮಾರುತ ಸೊಮಾಲಿಯಾ ತೀರದ ಮೇಲ್ನೀರನ್ನು ಆಚೆ ದಬ್ಬುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ. ಅಲ್ಲಲ್ಲಿ 20 ಡಿಗ್ರಿಯ ಆಸುಪಾಸಿಗೂ ಇಳಿಯುತ್ತದೆ. ಉಳಿದೆಡೆ ಅಲೆಯ ಕಲಕಾಟ ಮತ್ತು ಆವಿಯಾಗುವಿಕೆ ಸೇರಿ ನೀರನ್ನು ತಣಿಸುತ್ತವೆ. ನೀರು ತಣ್ಣಗಾದರೂ ಆವಿ ಕಡಿಮೆಯಾಗುವುದಿಲ್ಲ. ಬೇರೆಲ್ಲ ಒಂದೇ ಇದ್ದು ಗಾಳಿಯ ವೇಗ ಸೆಕೆಂಡಿಗೆ 4 ಮೀಟರ್‌ನಿಂದ 12ಕ್ಕೆ ಏರಿದರೆ ಆವಿಯಾಗುವ ನೀರು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಒದ್ದೆ ಬಟ್ಟೆ ಗಾಳಿಗೆ ಬೇಗ ಒಣಗುವುದು ಇದೇ ಕಾರಣಕ್ಕೆ. ಸಮಭಾಜಕ ದಾಟಿ ಬಂದ ತೇವಕ್ಕೆ ಈ ಆವಿಯೂ ಸೇರುತ್ತದೆ, ಪಶ್ಚಿಮ ಘಟ್ಟ ಅದನ್ನು ಮೇಲಕ್ಕೆತ್ತುತ್ತದೆ. ಕುಮಟಾದಲ್ಲಿ ಬೀಳುವ ಮಳೆಗೆ ಕುಮಟಾದ ಎದುರಿನ ನೀರೇ ಬಿಸಿಯಾಗಿರಬೇಕಿಲ್ಲ.

ಪ್ರಶ್ನೆ: 1997ರಲ್ಲಿ ಭಾರಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಹೆಚ್ಚು ಕಾಯುವುದು) ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಅದಕ್ಕಿಂತ ದುರ್ಬಲವಾಗಿದ್ದ 2002ರಲ್ಲಿ ಶೇ 19ರಷ್ಟು ಕೊರತೆ. ಯಾಕೆ? (ಧಾರವಾಡದ ಶಿಕ್ಷಕಿ)

ಉತ್ತರ: ಪೆಸಿಫಿಕ್ ಎಷ್ಟು ಕಾದಿದೆ ಎನ್ನುವುದರ ಜತೆಗೆ ಎಲ್ಲಿ ಕಾದಿದೆ ಎಂದೂ ನೋಡಬೇಕು. 1997ರ ಬಿಸಿ ಹೆಚ್ಚಾಗಿ ದಕ್ಷಿಣ ಅಮೆರಿಕದ ಕಡೆಗಿತ್ತು, 2002ರದ್ದು ನಡುಸಾಗರದಲ್ಲಿ. ಬಿಸಿ ನಮಗೆ ಹತ್ತಿರ ಸರಿದಷ್ಟೂ ಅಲ್ಲಿ ಮೇಲೇರಿದ ಗಾಳಿ ನಮ್ಮ ಮೇಲೆ ಇಳಿಯುವ ಸಂಭವ ಹೆಚ್ಚು.

ಇನ್ನೊಂದು ಕಾರಣ ನಮ್ಮದೇ ಸಾಗರದ್ದು. 1997ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು, ಸುಮಾತ್ರಾ ಬಳಿ ತಣ್ಣಗಾಗಿತ್ತು. ತಣ್ಣೀರಿನ ಮೇಲೆ ಒತ್ತಡ ಹೆಚ್ಚು, ಬಿಸಿನೀರಿನ ಮೇಲೆ ಕಡಿಮೆ. ಹಾಗಾಗಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಆ ಗಾಳಿ ಸುಮಾತ್ರಾ ತೀರದಲ್ಲಿ ಇನ್ನಷ್ಟು ತಣ್ಣೀರು ಎಬ್ಬಿಸುತ್ತದೆ, ವ್ಯತ್ಯಾಸ ಮತ್ತೂ ಬೆಳೆಯುತ್ತದೆ. ಇದನ್ನೇ ಧನಾತ್ಮಕ ದ್ವಿಧ್ರುವ ಎನ್ನುವುದು. ಎಲ್ ನಿನೊ ಪೆಟ್ಟನ್ನು ಅದು ತಗ್ಗಿಸಬಲ್ಲದು, ಆದರೆ ಅದನ್ನೇ ನಂಬಿ ಬಿತ್ತನೆಗಿಳಿಯಬೇಡಿ. 2023ರಲ್ಲೂ ಧನಾತ್ಮಕ ದ್ವಿಧ್ರುವ ಬಂತು, ತಡವಾಗಿ; ಆ ಆಗಸ್ಟ್‌ನಲ್ಲಿ ದೇಶದ ಮಳೆ ಶೇ 36ರಷ್ಟು ಕಡಿಮೆ, 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಬರುವ ಕಡಲಿನ ನಕ್ಷೆಯಲ್ಲಿ ನೀಲಿ ಕಂಡರೆ ನೀರು ತಣ್ಣಗಿದೆ ಎಂದೇ? (ಮಲ್ಪೆಯ ಬೋಟ್ ಮಾಲೀಕರು)

ಉತ್ತರ: ಮೊದಲು ನಕ್ಷೆಯ ಕೆಳಗಿನ ಅಳತೆಪಟ್ಟಿ ಓದಿ. ಅಲ್ಲಿ 24, 26, 28 ಎಂದಿದ್ದರೆ ಅದು ನಿಜವಾದ ತಾಪಮಾನ. ಸೊನ್ನೆಯ ಎರಡೂ ಕಡೆ –1, +1 ಎಂದಿದ್ದರೆ ವಾಡಿಕೆಗಿಂತ ಎಷ್ಟು ಹೆಚ್ಚು–ಕಡಿಮೆ ಎಂದಷ್ಟೇ. ವಾಡಿಕೆ 29.5 ಇರುವಲ್ಲಿ ಅರ್ಧ ಡಿಗ್ರಿ ಇಳಿದರೆ ನಕ್ಷೆ ನೀಲಿಯಾಗುತ್ತದೆ, ನೀರು ಇನ್ನೂ 29ರಲ್ಲೇ ಇರುತ್ತದೆ, ಮೋಡ ಏಳಲು ಬೇಕಾದಷ್ಟು ಬಿಸಿ. ನಕ್ಷೆಯಲ್ಲಿ ಬಿಳಿ ತೇಪೆಗಳಿದ್ದರೆ ಅಲ್ಲಿ ಮೋಡ ಮುಚ್ಚಿದೆ. ಉಪಗ್ರಹದ ಅವಗೆಂಪು ಕಣ್ಣಿಗೆ ಮೋಡದಡಿಯ ನೀರು ಕಾಣದು. ಗಾಳಿಯಿಲ್ಲದ ಮಧ್ಯಾಹ್ನ ತೆಗೆದ ಅಳತೆ ಮೇಲಿನ ತೆಳು ಪದರದ್ದು, ಕೆಲವು ಮೀಟರ್ ಕೆಳಗಿನ ನೀರು ಒಂದೆರಡು ಡಿಗ್ರಿ ತಣ್ಣಗಿರಬಹುದು. ದಿನದಿಂದ ದಿನಕ್ಕೆ ಹೋಲಿಸುವುದಾದರೆ ರಾತ್ರಿಯ ಅಳತೆಗಳನ್ನೇ ಹೋಲಿಸಿ.