ಸಾಕುಪ್ರಾಣಿ ಪ್ರಶ್ನೋತ್ತರ: ನಾಯಿಯ ಹಲ್ಲಿಗೆ ಗಾರೆ ಕಟ್ಟಿದಾಗ

ಪ್ರಶ್ನೆ: ನಮ್ಮ ಪೊಮೆರೇನಿಯನ್ ಹೆಣ್ಣುನಾಯಿಗೆ ಆರು ವರ್ಷ. ಹಾಲನ್ನ, ಮೊಸರನ್ನ ಹಾಕುತ್ತೇವೆ. ವಾರಕ್ಕೊಮ್ಮೆ ಕೋಳಿ ಸಾರಿನಲ್ಲಿ ಬೆಂದ ಮೂಳೆಯನ್ನೂ ಕೊಡುತ್ತೇವೆ. ಕೆಲವು ತಿಂಗಳಿಂದ ಅದರ ಬಾಯಿ ನಾರುತ್ತಿದೆ, ಮೇಲಿನ ದವಡೆ ಹಲ್ಲುಗಳ ಮೇಲೆ ಕಂದು ಪದರ ಕಾಣುತ್ತಿದೆ. ನಾವು ಬಳಸುವ ಟೂತ್‌ಪೇಸ್ಟಿನಿಂದಲೇ ಉಜ್ಜಬಹುದೇ? ಅರಿವಳಿಕೆ ಕೊಟ್ಟು ಶುಚಿ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ, ಆದರೆ ಬರೀ ಹಲ್ಲಿಗಾಗಿ ಅರಿವಳಿಕೆ ಕೊಡಿಸಲು ಮನೆಯವರಿಗೆಲ್ಲ ಭಯವಾಗಿದೆ.
— ಓದುಗರೊಬ್ಬರು, ಸಾಗರ

ಉತ್ತರ: ನಾಯಿ ಎಂದ ಮೇಲೆ ಬಾಯಿ ನಾರುವುದು ಸಹಜ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಗಳಲ್ಲಿಯೂ ಬಾಯಿಯ ವಾಸನೆ ಬದಲಾಗುವುದುಂಟು; ಆದರೆ ಹಲ್ಲಿನ ಮೇಲೆ ಕಂದು ಪದರವೂ ಇರುವಾಗ ಮೊದಲು ಶಂಕಿಸಬೇಕಾದದ್ದು ವಸಡಿನ ರೋಗವನ್ನೇ.

ಉಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ, ಅಂಟಾದ ಲೋಳೆ ಕೂರುತ್ತದೆ. ಇದೇ ದಂತಪಾಚಿ. ಮೆತ್ತಗಿರುವಾಗ ಬ್ರಷ್ಷಿಗೆ ಸುಲಭವಾಗಿ ಬರುವ ಈ ಪಾಚಿ, ಹಾಗೆಯೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಜೊಲ್ಲಿನಲ್ಲಿರುವ ಸುಣ್ಣದಂಶವನ್ನು ಹೀರಿಕೊಂಡು ಗಾರೆಯಂತೆ ಗಟ್ಟಿಯಾಗುತ್ತದೆ. ಮನುಷ್ಯರ ಜೊಲ್ಲಿಗಿಂತ ನಾಯಿಯ ಜೊಲ್ಲಿನಲ್ಲಿ ಕ್ಷಾರಗುಣ ಹೆಚ್ಚಾಗಿರುವುದರಿಂದ ನಾಯಿಗಳಲ್ಲಿ ಹುಳುಕು ಹಲ್ಲು ಅಪರೂಪ, ಗಾರೆ ಮಾತ್ರ ಬಹಳ. ನೀವು ಮೇಲಿನ ದವಡೆಯಲ್ಲಿಯೇ ಕಂದು ಪದರವನ್ನು ಕಂಡದ್ದಕ್ಕೂ ಕಾರಣವಿದೆ: ಕಿವಿಯ ಬುಡದ ದೊಡ್ಡ ಜೊಲ್ಲುಗ್ರಂಥಿಯ ನಾಳ ಕೆನ್ನೆಯ ಒಳಗೆ ತೆರೆದುಕೊಳ್ಳುವುದು ಆ ಹಲ್ಲುಗಳ ಎದುರಿಗೇ. ಪೊಮೆರೇನಿಯನ್ನಿನಂಥ ಸಣ್ಣ ತಳಿಗಳ ಪುಟ್ಟ ದವಡೆಯಲ್ಲಿ 42 ಹಲ್ಲುಗಳು ಒತ್ತೊತ್ತಾಗಿ ಕುಳಿತಿರುವುದರಿಂದ ಅವುಗಳಿಗೆ ಈ ಕಾಟ ಇನ್ನೂ ಹೆಚ್ಚು.

ಹೊರಗೆ ಕಾಣುವ ಗಾರೆಗಿಂತ ವಸಡಿನ ಅಡಿಯಲ್ಲಿ ಸೇರಿಕೊಂಡಿರುವ ಪಾಚಿಯೇ ಹೆಚ್ಚು ಅಪಾಯಕಾರಿ. ವಸಡು ಕೆಂಪಾಗಿ ಊದಿಕೊಂಡಿರುವ ಹಂತದಲ್ಲಿ ಶುಚಿಗೊಳಿಸಿದರೆ ಅದು ಪೂರ್ತಿ ಗುಣವಾಗುತ್ತದೆ. ಅದನ್ನು ದಾಟಿ ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗಿದರೆ ಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ಆದ್ದರಿಂದ ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ಗಟ್ಟಿಯಾದ ಗಾರೆ ಯಾವ ಬ್ರಷ್ಷಿಗೂ ಬಗ್ಗದು. ಉಗುರಿನಿಂದಲೋ ಚೂಪಾದ ಕಡ್ಡಿಯಿಂದಲೋ ಕೆರೆದರೆ ಹಲ್ಲಿನ ಮೇಲ್ಮೈ ಒರಟಾಗಿ ಪಾಚಿ ಮತ್ತಷ್ಟು ಬೇಗ ಅಂಟುತ್ತದೆ.

ಮನೆಯವರ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ಅರಿವಳಿಕೆಯಲ್ಲಿ ಅಪಾಯವೇ ಇಲ್ಲವೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಯನ್ನು ತಿಳಿದುಕೊಂಡು, ಹೃದಯವನ್ನು ಪರೀಕ್ಷಿಸಿ, ಶ್ವಾಸನಾಳಕ್ಕೆ ಕೊಳವೆ ಹಾಕಿ, ಉಸಿರು ಮತ್ತು ನಾಡಿಯನ್ನು ಉದ್ದಕ್ಕೂ ಗಮನಿಸುತ್ತ ಕೊಡುವ ಅರಿವಳಿಕೆಯನ್ನು ಆರು ವರ್ಷದ ಆರೋಗ್ಯವಂತ ನಾಯಿ ಸಾಮಾನ್ಯವಾಗಿ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಆ ಕೊಳವೆಯಿಂದ ಇನ್ನೊಂದು ಉಪಯೋಗವೂ ಇದೆ. ಸ್ಕೇಲಿಂಗ್ ಮಾಡುವಾಗ, ಅಂದರೆ ಯಂತ್ರದಿಂದ ಗಾರೆಯನ್ನು ಬಿಡಿಸುವಾಗ, ನೀರು ಮತ್ತು ಗಾರೆಯ ಚೂರುಗಳು ಶ್ವಾಸಕೋಶಕ್ಕೆ ಇಳಿಯದಂತೆ ಅದು ತಡೆಯುತ್ತದೆ. ಎಚ್ಚರವಿರುವ ನಾಯಿಯನ್ನು ಬಿಗಿಯಾಗಿ ಹಿಡಿದು ಹೊರಮೈಯನ್ನು ಕೆರೆದರೆ ಹಲ್ಲು ಬೆಳ್ಳಗೆ ಕಾಣಬಹುದು, ವಸಡಿನ ಅಡಿಯ ರೋಗ ಮಾತ್ರ ಹಾಗೆಯೇ ಉಳಿಯುತ್ತದೆ. ಹಲ್ಲಿನ ಎಕ್ಸ್‌ರೇ ಸೌಲಭ್ಯ ಇದೆಯೇ, ಸ್ಕೇಲಿಂಗ್ ಆದ ಮೇಲೆ ಪಾಲಿಶ್ ಮಾಡುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಲ್ಲ, ಅಲ್ಲಿಯೂ ವಿಚಾರಿಸಬಹುದು.

ನಿಮ್ಮ ಟೂತ್‌ಪೇಸ್ಟನ್ನು ಮಾತ್ರ ಖಂಡಿತ ಬಳಸಬೇಡಿ. ನಾವು ಉಗುಳುತ್ತೇವೆ, ನಾಯಿ ಎಲ್ಲವನ್ನೂ ನುಂಗುತ್ತದೆ. ಫ್ಲೋರೈಡ್ ದಿನವೂ ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗಾಗಿ ಸೇರಿಸುವ ಕ್ಸೈಲಿಟಾಲ್ ಇನ್ನೂ ಭಯಂಕರ: ಅದು ನಾಯಿಯ ದೇಹದಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಹೆಚ್ಚಿಸಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ, ಯಕೃತ್ತಿಗೂ ಹಾನಿ ಮಾಡಬಲ್ಲದು. ಉಪ್ಪು, ಇದ್ದಿಲು, ಹಲ್ಲುಪುಡಿಗಳೂ ಬೇಡ. ನಾಯಿಗಳಿಗೆಂದೇ ಮಾಡಿದ, ನುಂಗಿದರೂ ತೊಂದರೆಯಿಲ್ಲದ ಪೇಸ್ಟ್ ಸಿಗುತ್ತದೆ. ಅದು ಸಿಗದಿದ್ದರೆ ಬರೀ ನೀರಿನಲ್ಲಿ ನೆನೆಸಿದ ಮೆತ್ತನೆಯ ಬ್ರಷ್ ಸಾಕು, ಏಕೆಂದರೆ ಪಾಚಿಯನ್ನು ಬಿಡಿಸುವುದು ಪೇಸ್ಟಲ್ಲ, ಉಜ್ಜುವಿಕೆ.

ಸ್ಕೇಲಿಂಗ್ ಆಗಿ ವಸಡಿನ ನೋವು ಮಾಯ್ದ ಮೇಲೆ ಉಜ್ಜುವ ಅಭ್ಯಾಸವನ್ನು ಆರಂಭಿಸಿ. ನೋಯುತ್ತಿರುವ ಬಾಯಿಗೆ ಬ್ರಷ್ ಹಾಕಿದರೆ ನಾಯಿ ಅದನ್ನು ಮರೆಯುವುದಿಲ್ಲ. ಮೊದಲ ಕೆಲವು ದಿನ ತುಟಿಯನ್ನು ಮೆಲ್ಲನೆ ಎತ್ತಿ ಬಿಟ್ಟು ಮುದ್ದು ಮಾಡಿ. ಅನಂತರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒರೆಸಿ, ಆಮೇಲೆ ಬ್ರಷ್ಷಿಗೆ ಬನ್ನಿ. ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಹೊರಮೈಯನ್ನಷ್ಟೇ ಸಣ್ಣ ಸುತ್ತುಗಳಲ್ಲಿ ಉಜ್ಜಿದರೂ ಬಹುಪಾಲು ಕೆಲಸವಾಯಿತು. ಒಳಮೈಯನ್ನು ನಾಲಿಗೆಯೇ ಸಾಕಷ್ಟು ಒರೆಸುತ್ತಿರುತ್ತದೆ. ಇದನ್ನು ದಿನಕ್ಕೊಮ್ಮೆ ಮಾಡಬೇಕು. ವಾರಕ್ಕೊಮ್ಮೆ ಉಜ್ಜುವಷ್ಟರಲ್ಲಿ ಪಾಚಿ ಗಾರೆಯಾಗಿ ಬಿಟ್ಟಿರುತ್ತದೆ.

ಬೆಂದ ಕೋಳಿ ಮೂಳೆಯನ್ನು ಇಂದೇ ನಿಲ್ಲಿಸಿ. ಅದು ಚೂಪಾಗಿ ಸೀಳಿ ಗಂಟಲು, ಕರುಳುಗಳಿಗೆ ಚುಚ್ಚಬಹುದು. ದಪ್ಪ ಮೂಳೆ, ಜಿಂಕೆಯ ಕೊಂಬುಗಳನ್ನು ಕಡಿಯುವಾಗ ಮೇಲಿನ ದೊಡ್ಡ ದವಡೆ ಹಲ್ಲು ಸೀಳಿ, ಮುಂದೆ ಕೀವಾಗಿ ಕಣ್ಣಿನ ಕೆಳಗೆ ಬಾವು ಬರುವುದೂ ಉಂಟು. ನಿಮ್ಮ ಉಗುರಿನಿಂದ ಒತ್ತಿದರೆ ತುಸುವಾದರೂ ತಗ್ಗದ ವಸ್ತು ನಾಯಿಯ ಹಲ್ಲಿಗೂ ಗಟ್ಟಿಯೇ.

ಪ್ರಶ್ನೆ: ನಮ್ಮ ಡ್ಯಾಶ್‌ಹಂಡ್ ಮರಿಗೆ ಮೂರು ತಿಂಗಳು. ಹೇಗೂ ಬಿದ್ದುಹೋಗುವ ಹಾಲುಹಲ್ಲನ್ನು ಉಜ್ಜುವ ಅಗತ್ಯವಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ವಯಸ್ಸಿಲ್ಲ. ಈಗ ಬೆರಳಿನಿಂದ ವಸಡನ್ನು ಸವರಿ ಅಭ್ಯಾಸ ಮಾಡಿಸಿ, ಸಾಕು. ನಾಲ್ಕನೆಯ ತಿಂಗಳ ಹೊತ್ತಿಗೆ 28 ಹಾಲುಹಲ್ಲುಗಳು ಒಂದೊಂದಾಗಿ ಬೀಳತೊಡಗಿ ವಸಡು ನೋಯುವಾಗ ಒತ್ತಾಯ ಮಾಡಬೇಡಿ. ಏಳು ತಿಂಗಳು ತುಂಬಿದಾಗ ಒಮ್ಮೆ ಬಾಯಿ ತೆರೆದು ಕೋರೆಹಲ್ಲುಗಳನ್ನು ನೋಡಿ. ಹೊಸ ಹಲ್ಲಿನ ಪಕ್ಕದಲ್ಲಿಯೇ ಹಳೆಯ ಹಾಲುಹಲ್ಲೂ ಉಳಿದಿದ್ದರೆ ಆ ಸಂದಿಯಲ್ಲಿ ಕೂದಲು, ಅನ್ನದಗುಳು ಸಿಕ್ಕಿಕೊಂಡು ಎಳೆಯ ವಯಸ್ಸಿನಲ್ಲಿಯೇ ವಸಡು ಕೆಡುತ್ತದೆ. ಹಾಗಿದ್ದರೆ ಹಾಲುಹಲ್ಲನ್ನು ನೀವು ಅಲುಗಾಡಿಸಲು ಹೋಗದೆ ವೈದ್ಯರಿಂದ ಬೇರುಸಹಿತ ತೆಗೆಸಿ.